ಹಳೇ ಬೀದಿಗೆ ಬಾಡಿಗೆ ಸೈಕಲ್ ಗೂಡು ಮಾಡುವುದು ಹೇಗೆ: ಜಾಗ ಮೊದಲು, ಡಬ್ಬ ಆಮೇಲೆ

ಮೈಸೂರಿನ ಅಗ್ರಹಾರದಲ್ಲಿ ಅಪ್ಪನಿಗೆ ಬಾಡಿಗೆ ಸೈಕಲ್ ಅಂಗಡಿ ಇತ್ತು. ಹತ್ತಡಿ ಅಗಲದ ಮಳಿಗೆ. ಮುಂದೆ ಚರಂಡಿ ಚಪ್ಪಡಿಯ ಮೇಲೆ ಸಾಲಾಗಿ ಸೈಕಲ್‌ಗಳು. ಒಂದೊಂದರ ಹಿಂದಿನ ಮಡ್‌ಗಾರ್ಡ್ ಮೇಲೂ ಹಳದಿ ಎನಾಮಲ್ ಬಣ್ಣದಲ್ಲಿ ನಂಬರು. ಮಕ್ಕಳಿಗೆ ಅರ್ಧ ಸೈಕಲ್, ಮುಕ್ಕಾಲು ಸೈಕಲ್. ಗಂಟೆ ಲೆಕ್ಕ, ಉದ್ದನೆಯ ಪುಸ್ತಕದಲ್ಲಿ.

ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಈಗ ನಾನು ಅದೇ ಊರಲ್ಲಿ ಚಿಕ್ಕ ಕಟ್ಟಡಗಳಿಗೆ ನಕ್ಷೆ ಬರೆದು, ವೆಲ್ಡಿಂಗ್ ಶಾಪಿನವರ ಪಕ್ಕದಲ್ಲೇ ನಿಂತು ಮಾಡಿಸುತ್ತೇನೆ. ಹಳೇ ಮನೆಗಳನ್ನು ಹೋಂಸ್ಟೇ ಮಾಡಿಕೊಂಡವರು ಕೇಳಿದ್ದಕ್ಕೆ ಇದುವರೆಗೆ ಮೂರು ಬಾಡಿಗೆ ಸೈಕಲ್ ಗೂಡು ಮಾಡಿಕೊಟ್ಟಿದ್ದೇನೆ. 2017ರಲ್ಲಿ ನಮ್ಮೂರಿಗೆ ಟ್ರಿಣ್ ಟ್ರಿಣ್ ಅನ್ನುವ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಬಂದಾಗ 450 ಸೈಕಲ್ ಒಟ್ಟಿಗೆ ಬೀದಿಗಿಳಿದವು. ನಾನು ಹೇಳುತ್ತಿರುವುದು ಅಷ್ಟು ದೊಡ್ಡದರ ಬಗ್ಗೆ ಅಲ್ಲ. ಒಂದು ಬೀದಿ, ಹನ್ನೆರಡು ಸೈಕಲ್, ನೋಡಿಕೊಳ್ಳಲು ಒಬ್ಬರು. ಅಷ್ಟೇ.

ಎಲ್ಲರೂ ಮೊದಲು ಕೇಳುವುದು "ಗೂಡು ನೋಡೋಕೆ ಹೇಗಿರಬೇಕು?" ಅಂತ. ಆ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಮೊದಲು ಜಾಗಕ್ಕೆ ಹೋಗಿ. ಬೆಳಿಗ್ಗೆ ಐದೂವರೆಗೆ, ಒಂದು ಡಬ್ಬ ರಂಗೋಲಿ ಪುಡಿ ಮತ್ತು ಅಳತೆ ಟೇಪು ಹಿಡಿದುಕೊಂಡು. ಗೂಡು ಬರುವ ಕಡೆ ಆರಡಿಗೆ ನಾಲ್ಕಡಿಯ ಚೌಕಟ್ಟು ಎಳೆಯಿರಿ. ಪಕ್ಕದಲ್ಲಿ ಒಂದೊಂದು ಸೈಕಲ್ಲಿಗೂ ಒಂದೊಂದು ಗೆರೆ. ಆಮೇಲೆ ಎದುರು ಜಗಲಿಯ ಮೇಲೆ ಕೂತು ಹತ್ತು ಗಂಟೆವರೆಗೆ ಸುಮ್ನೆ ನೋಡಿ. ಯಾರ ಕಾಲಿಗೆ ಯಾವ ಗೆರೆ ಅಳಿಯಿತು ಅಂತ ಬರೆದುಕೊಳ್ಳಿ. ನನ್ನ ಎರಡನೇ ಕೆಲಸದಲ್ಲಿ ಹಾಲಿನವರ ಕ್ಯಾನು ಒಂದು ಮೂಲೆಯನ್ನು ಅಳಿಸಿತು. ಹೂವಿನಮ್ಮ ತಮ್ಮ ಬುಟ್ಟಿಯನ್ನು ನಾನೆಳೆದ ಚೌಕದ ನಟ್ಟನಡುವೆಯೇ ಇಟ್ಟರು. ಅವರು ಇಪ್ಪತ್ತು ವರ್ಷದಿಂದ ಕೂರುವ ಜಾಗವಂತೆ. ಎಂಟೂವರೆಗೆ ಶಾಲೆ ಮಕ್ಕಳ ಆಟೋ ಬಂದು ಉಳಿದ ಗೆರೆಗಳ ಮೇಲೆ ನಿಂತಿತು. ಗೂಡನ್ನು ಹನ್ನೊಂದಡಿ ಆಚೆಗೆ ಸರಿಸಿದೆ. ಕಂಪ್ಯೂಟರಿನಲ್ಲಿ ಎಷ್ಟು ಚಂದ ಬರೆದಿದ್ದರೂ ಇದು ನನಗೆ ತಿಳಿಯುತ್ತಿರಲಿಲ್ಲ.

ಎತ್ತರ ನೋಡುವುದಕ್ಕೂ ಹೀಗೇ ಮಾಡಿ. ನಾಲ್ಕು ಬಿದಿರು ಗಳ ನಿಲ್ಲಿಸಿ, ಸುತ್ತ ಹಳೇ ಸೀರೆ ಕಟ್ಟಿ, ದೂರ ಹೋಗಿ ತಿರುಗಿ ನೋಡಿ. ಹಿಂದಿನ ಮನೆಯ ಕಂಬ, ಬಾಗಿಲು, ಸೂರಿನ ಅಂಚು ಮರೆಯಾದರೆ ಗೂಡು ಎತ್ತರವಾಯಿತು ಅಥವಾ ಜಾಗ ತಪ್ಪಿತು ಅಂತಲೇ ಅರ್ಥ. ಸೀರೆ ಬಿಚ್ಚುವ ಮೊದಲು ಆ ಮನೆಯವರನ್ನು ಕರೆದು ತೋರಿಸಿ.

ಇನ್ನು ಅಳತೆ. ದೊಡ್ಡವರ ಸೈಕಲ್ ಉದ್ದ ಸುಮಾರು ಆರಡಿ, ಹ್ಯಾಂಡಲ್ ಅಗಲ ಎರಡಡಿ. ನೇರವಾಗಿ ನಿಲ್ಲಿಸಿದರೆ ಹನ್ನೆರಡು ಸೈಕಲ್ಲಿಗೆ 24 ಅಡಿ ಉದ್ದ ಸಾಕು, ಆದರೆ ಆರಡಿ ಆಳ ಬೇಕು. 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಆಳ ನಾಲ್ಕೂವರೆ ಅಡಿಗೆ ಇಳಿಯುತ್ತದೆ, ಉದ್ದ ಮಾತ್ರ ಸುಮಾರು 35 ಅಡಿಗೆ ಹೋಗುತ್ತದೆ. ಓರೆ ನಿಲ್ಲಿಸಿದರೆ ಜಾಗ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಳಿಯುವುದು ಆಳ ಮಾತ್ರ. ಅಗ್ರಹಾರದ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. 35 ಅಡಿ ಅಂದರೆ ಯಾರದೋ ಬಾಗಿಲಿಗೆ ಅಡ್ಡ ಬಂದೇ ಬರುತ್ತದೆ. ಹಾಗಾಗಿ ನಾನು ಹನ್ನೆರಡನ್ನೂ ಒಂದೇ ಕಡೆ ನಿಲ್ಲಿಸುವುದಿಲ್ಲ. ಐದು ಇಲ್ಲಿ, ಏಳು ಆ ಬಾಗಿಲು ದಾಟಿ. ಸೈಕಲ್ ಹಿಂದಕ್ಕೆಳೆದು ತಿರುಗಿಸಲು ಐದಡಿ ಖಾಲಿ ಬಿಡುವುದನ್ನು ಮರೆಯಬೇಡಿ.

ಫುಟ್‌ಪಾತ್ ಮೇಲಾದರೆ ನಡೆಯುವವರಿಗೆ 1.8 ಮೀಟರ್ ಅಗಲ ಖಾಲಿ ಉಳಿಯಬೇಕು. ರಸ್ತೆಗಳ ಅಳತೆ, ಗುಣಮಟ್ಟ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿ ಹೇಳುವ ಕನಿಷ್ಠ ಅಳತೆ ಅದು. ಎರಡು ಗಾಲಿಕುರ್ಚಿ ಎದುರಾದರೂ ದಾಟಬಹುದು. ನಮ್ಮ ಹಳೇ ಬೀದಿಗಳಲ್ಲಿ ಅಷ್ಟು ಅಗಲದ ಫುಟ್‌ಪಾತೇ ಅಪರೂಪ, ಅಲ್ವಾ? ಅಂಥ ಕಡೆ ಫುಟ್‌ಪಾತಿಗೆ ಕೈ ಹಾಕಬೇಡಿ. ಒಂದು ಕಾರು ನಿಲ್ಲುವ ಜಾಗ ಕೇಳಿ. ಅದರಲ್ಲಿ ಎಂಟು ಸೈಕಲ್ ಆರಾಮಾಗಿ ನಿಲ್ಲುತ್ತವೆ. ಇಲ್ಲದಿದ್ದರೆ ಯಾರದಾದರೂ ಮನೆಯ ಕಾಂಪೌಂಡಿನ ಒಳಗೆ ಬಾಡಿಗೆಗೆ ಜಾಗ ಹಿಡಿಯಿರಿ.

ಪರ್ಮಿಷನ್ ಕೆಲಸ ಆದಷ್ಟು ಬೇಗ ಶುರು ಮಾಡಿ. ರಸ್ತೆ, ಫುಟ್‌ಪಾತಿಗೆ ಪಾಲಿಕೆ. ವಾಹನ ನಿಲ್ಲುವ ಜಾಗಕ್ಕೆ ಸಂಚಾರ ಪೊಲೀಸರು. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿರುವ ಸ್ಮಾರಕ ಇದ್ದರೆ ಲೆಕ್ಕ ಬೇರೆ. ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಂದರೆ ಹೊಸದಾಗಿ ಕಟ್ಟುವಂತಿಲ್ಲ; ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿ ಪಡೆದೇ ಕಟ್ಟಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಹತ್ತಿರ ಮಾಡಬೇಕು ಅಂತ ಒಬ್ಬರು ಬಂದಾಗ ನಾನು ಮೊದಲು ಬಿಚ್ಚಿದ್ದು ಮ್ಯಾಪು, ಪೆನ್ಸಿಲ್ ಅಲ್ಲ.

ಈಗ ಡಬ್ಬಕ್ಕೆ, ಅಂದರೆ ಗೂಡಿಗೇ ಬರೋಣ. ಹಳೇ ಬೀದಿಯಲ್ಲಿ ಕಟ್ಟುವ ಗೂಡು ಬಿಚ್ಚಿ ಎತ್ತಿಕೊಂಡು ಹೋಗುವಂತಿರಬೇಕು. ಇದು ನನ್ನ ಹಟ. ದಸರಾ ಸಮಯದಲ್ಲಿ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿದ್ದರಂತೂ ಒಂದೇ ದಿನದಲ್ಲಿ ತೆಗೆಯಬೇಕಾಗಿ ಬರಬಹುದು. ಪಾಯ ತೆಗೆಯಬೇಡಿ. ಹಳೇ ಚಪ್ಪಡಿಗೆ ಡ್ರಿಲ್ ಹಾಕಬೇಡಿ. ಕಬ್ಬಿಣದ ಚೌಕ ಪೈಪಿನ ಫ್ರೇಮನ್ನು ಬೋಲ್ಟ್ ಹಾಕಿ ಜೋಡಿಸಿ, ನಾಲ್ಕು ಮೂಲೆಗೆ ತೂಕಕ್ಕೆ ಕಲ್ಲಿಡಿ. ಉದ್ದ, ಅಗಲ, ಎತ್ತರ ಒಂದೊಂದಡಿ ಇರುವ ಗ್ರಾನೈಟ್ ಸುಮಾರು 75 ಕೆಜಿ ತೂಗುತ್ತದೆ. ನಾಲ್ಕು ಇಟ್ಟರೆ 300 ಕೆಜಿ. ಗಾಳಿಗೆ ಅಲ್ಲಾಡುವುದಿಲ್ಲ. ಮೇಲೆ ಹಲಗೆ ಹಾಕಿದರೆ ಕೂರುವುದಕ್ಕೂ ಆಯಿತು.

ಚಾವಣಿ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲನೇ ಗೂಡಿನ ತಗಡನ್ನು ಹಿಂದಕ್ಕೆ ಇಳಿಜಾರು ಮಾಡಿದ್ದೆ, ಗಿರಾಕಿಗಳ ತಲೆ ಮೇಲೆ ನೀರು ಬೀಳಬಾರದು ಅಂತ. ಹಿಂದೆ ಒಂದೇ ಅಡಿ ದೂರದಲ್ಲಿ ಗಾರೆ ಗೋಡೆಯ ಹಳೇ ಮನೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯ ಕೆಳಗಿನ ಎರಡಡಿ ಗಾರೆ ಉಬ್ಬಿ, ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಆ ಮನೆಯ ಅಜ್ಜಿ ಕರೆದು, "ನೋಡಮ್ಮ, ನಿನ್ನ ತಗಡಿನ ನೀರು ನಮ್ಮ ಗೋಡೆ ತಿಂತಾ ಇದೆ" ಅಂದರು. ಬೈಯಲಿಲ್ಲ. ಕಾಫಿ ಕೊಟ್ಟರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೇಸ್ತ್ರಿ ಸಿಮೆಂಟ್ ಮೆತ್ತಿಬಿಡೋಣ ಅಂದರು. ಬೇಡ ಅಂದೆ. ಸುಣ್ಣದ ಗೋಡೆಯ ತೇವ ಗಾರೆಯ ಮೂಲಕವೇ ಹೊರಗೆ ಬಂದು ಆರಬೇಕು. ಸಿಮೆಂಟ್ ಹಚ್ಚಿದರೆ ಅದು ಒಳಗೇ ಸಿಕ್ಕಿಕೊಂಡು ಇಟ್ಟಿಗೆಯನ್ನು ಕೆಡಿಸುತ್ತದೆ. ಸುಣ್ಣ, ಮರಳು ಕಲಸಿ ಗಾರೆಯನ್ನೇ ಮತ್ತೆ ಹಾಕಿಸಿದೆ, ನನ್ನ ಖರ್ಚಿನಲ್ಲಿ. ಆಮೇಲಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಹಳೇ ಗೋಡೆಯಿಂದ ಮೂರಡಿ ದೂರ. ಇಳಿಜಾರು ಯಾವ ಕಡೆಗಿದ್ದರೂ ತುದಿಗೆ ತಗಡಿನ ದೋಣಿ ಕಟ್ಟಿ, ಪೈಪಿನಲ್ಲಿ ನೀರನ್ನು ಚರಂಡಿಗೆ ಬಿಡಬೇಕು.

ಮಂಗಳೂರು ಹೆಂಚು ಹಾಕಿಸಿ ಅಂತ ಹೋಂಸ್ಟೇಯವರೆಲ್ಲ ಕೇಳುತ್ತಾರೆ. ನನಗೂ ಹೆಂಚು ಅಂದರೆ ಪ್ರಾಣ. ಆದರೆ ಅದಕ್ಕೆ ಕಡಿದಾದ ಇಳಿಜಾರು ಬೇಕು, ಗೂಡು ಎತ್ತರವಾಗುತ್ತದೆ. ಭಾರ ಬೇರೆ. ಬಿಚ್ಚಿ ಜೋಡಿಸುವಾಗ ಒಂದಷ್ಟು ಒಡೆದೇ ಹೋಗುತ್ತವೆ. ತಗಡಿನ ಕೆಳಗೆ ಮರದ ಹಲಗೆ ಹಾಕಿ. ಬಿಸಿಲಿನ ಕಾವು, ಮಳೆಯ ಸದ್ದು ಎರಡೂ ಕಮ್ಮಿ. ಅರಮನೆಯ ಕಮಾನನ್ನು ಫೈಬರಿನಲ್ಲಿ ಮಾಡಿ ಅಂಟಿಸುವುದಂತೂ ಬೇಡವೇ ಬೇಡ. ನಿಜವಾದ ಕಮಾನು ಎದುರಿಗೇ ಇರುವಾಗ ಅದರ ನಕಲು ಯಾಕೆ? ನಾನು ಬೀದಿಯಿಂದ ತೆಗೆದುಕೊಳ್ಳುವುದು ಅಳತೆಗಳನ್ನು. ಆ ಸಾಲಿನ ಜಗಲಿಗಳು ಎಷ್ಟು ಎತ್ತರವೋ ನಮ್ಮ ಕಲ್ಲು–ಹಲಗೆಯೂ ಅಷ್ಟೇ ಎತ್ತರ. ಮನೆಯ ಸೂರಿಗಿಂತ ಗೂಡಿನ ಸೂರು ಒಂದಡಿಯಾದರೂ ಕೆಳಗೆ. ಬಣ್ಣ ಆ ಬೀದಿಯ ಕಿಟಕಿ ಬಾಗಿಲುಗಳದ್ದು. ಬೋರ್ಡು ಒಂದೇ, ಕನ್ನಡ ದೊಡ್ಡದಾಗಿ. ಶೇ. 60ರಷ್ಟು ಕನ್ನಡ ಇರಬೇಕು ಅಂತ ಕಾನೂನೇ ಇದೆ.

ಒಳಗೆ ಕೂರುವವರನ್ನು ಮರೆತೇ ನಕ್ಷೆ ಬರೆಯುವವರು ಜಾಸ್ತಿ. ಮಧ್ಯಾಹ್ನದ ಪಡುವಣ ಬಿಸಿಲು ನೇರ ಮುಖಕ್ಕೆ ಹೊಡೆಯಬಾರದು. ಫ್ಯಾನು, ಒಂದು ದೀಪ, ಕುಡಿಯುವ ನೀರು ಬೇಕು. ಶೌಚಾಲಯ ಎಲ್ಲಿ ಅಂತ ಮೊದಲೇ ಯಾರ ಮನೆಯಲ್ಲಾದರೂ ಕೇಳಿ ಗಟ್ಟಿ ಮಾಡಿಕೊಳ್ಳಿ. ಅದಿಲ್ಲದೆ ಹೆಣ್ಣುಮಕ್ಕಳನ್ನು ಎಂಟು ಗಂಟೆ ಹೇಗೆ ಕೂರಿಸುತ್ತೀರಿ? ಕೌಂಟರಿನ ಒಂದು ಭಾಗ ಎರಡೂವರೆ ಅಡಿ ಎತ್ತರದಲ್ಲಿರಲಿ. ಗಾಲಿಕುರ್ಚಿಯಲ್ಲಿ ಬಂದವರಿಗೂ ಮಕ್ಕಳಿಗೂ ಎಟುಕುತ್ತದೆ.

ರಿಪೇರಿಗೆ ಗೂಡಿನ ಹೊರಗೆ ಜಾಗ ಕೊಡಿ, ಒಳಗೆ ಬೇಡ. ಪಂಚರ್ ನೋಡಲು ಅಗಲ ಬಾಯಿಯ ನೀರಿನ ತೊಟ್ಟಿ, ಪಾನಾಗಳನ್ನು ನೇತುಹಾಕುವ ಹಲಗೆ, ಸೈಕಲ್ ತೂಗುಹಾಕುವ ಒಂದು ಕೊಕ್ಕೆ. ಬ್ರೇಕ್ ನೋಡದೆ ಯಾವ ಸೈಕಲ್ಲನ್ನೂ ಬಿಡಬಾರದು. ಚಾಮುಂಡಿ ಬೆಟ್ಟಕ್ಕೆ ಅಂದವರದ್ದು ಎರಡು ಸಲ ನೋಡಬೇಕು. ಹಣ ಯುಪಿಐನಲ್ಲಿ ಬರಲಿ, ಲೆಕ್ಕ ಮೊಬೈಲಿನಲ್ಲೇ ಇರಲಿ. ಆದರೂ ಮಡ್‌ಗಾರ್ಡ್ ಮೇಲೆ ದೊಡ್ಡದಾಗಿ ನಂಬರು ಬರೆಸಿ. "ಏಳನೇ ನಂಬರಿನ ಚೈನು ಬೀಳ್ತಿದೆ" ಅಂತ ಬೀದಿಯವರು ಯಾರಾದರೂ ಕೂಗಿ ಹೇಳುತ್ತಾರೆ.

ಕೊನೆಗೆ ಗಾಳಿ ಪಂಪು. ಅದನ್ನು ಹೊರಗಿನ ಕಂಬಕ್ಕೆ ಚೈನ್ ಹಾಕಿ ಕಟ್ಟಿ, ದುಡ್ಡು ಕೇಳಬೇಡಿ. ಅಪ್ಪ ಹಾಗೇ ಮಾಡುತ್ತಿದ್ದರು. ನಾನು ಮಾಡಿದ ಮೂರೂ ಕಡೆ ದಿನದ ಮೊದಲ ಗಿರಾಕಿ ಬಾಡಿಗೆಗೆ ಬಂದವರಲ್ಲ, ಪೇಪರ್ ಹಾಕುವ ಹುಡುಗರು. ಗೂಡು ತೆರೆಯುವ ಮೊದಲೇ ಬಂದು ಗಾಳಿ ಹೊಡೆದುಕೊಂಡು ಹೋಗಿರುತ್ತಾರೆ.