ಓಡುವಾಗ ಪಕ್ಕೆ ಚಳುಕು: ಕೊನೆಗೆ ಕೆಲಸ ಮಾಡಿದ್ದು ಇದು

ಓಟ ಶುರುವಾಗಿ 2 ಕಿ.ಮೀ. ದಾಟುವಷ್ಟರಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ಚಳುಕು. ನಿಂತರೆ ಹೋಗುತ್ತಿತ್ತು, ಓಡಿದರೆ ಮತ್ತೆ ಹಾಜರ್.

ಮುಲಾಮು ಹಚ್ಚಿದೆ, ಶೂ ಬದಲಿಸಿದೆ. ಏನೂ ಆಗಲಿಲ್ಲ. ಓಡುವ ಮೊದಲು ಜಾಸ್ತಿ ನೀರು ಕುಡಿದರೆ ನೋವು ಇನ್ನೂ ಬೇಗ ಬಂತು. ಗ್ಲುಕೋಸ್ ನೀರಿನದಂತೂ ಕೇಳಲೇಬೇಡಿ.

ಸರಿಹೋಗಿದ್ದು ಹೊಟ್ಟೆ ಹಗುರ ಇಟ್ಟುಕೊಂಡ ಮೇಲೆ. ಊಟಕ್ಕೂ ಓಟಕ್ಕೂ ನಡುವೆ 3 ಗಂಟೆ ಬಿಡಿ. ಬೆಳಿಗ್ಗೆ ಓಡುವವರು ಇಡ್ಲಿ, ಜ್ಯೂಸ್ ಎಲ್ಲಾ ಆಮೇಲೆ ಇಟ್ಟುಕೊಳ್ಳಿ. ಬಾಯಾರಿದರೆ ಬರೀ ನೀರು, ಒಂದೆರಡು ಗುಟುಕು, ಆಗಾಗ. ತುಂಬಿದ ಜಠರ ಕುಲುಕಿ ಹೊಟ್ಟೆಯ ಒಳಗೋಡೆಯ ತೆಳು ಪೊರೆಗೆ ಉಜ್ಜುವುದೇ ನೋವಿಗೆ ಕಾರಣ ಇರಬಹುದು ಅನ್ನುತ್ತಾರೆ. ಮೊದಲ 10 ನಿಮಿಷ ಪಕ್ಕದವರ ಜೊತೆ ಮಾತಾಡುವಷ್ಟು ನಿಧಾನ ಓಡಿ. ಚಳುಕು ಬರದಂತೆ ತಡೆಯಲು ನನಗಂತೂ ಇದನ್ನು ಬಿಟ್ಟರೆ ಉಳಿದದ್ದು ಸುಮ್ನೆ ವ್ಯರ್ಥ.

ಆದರೂ ಬಂತಾ? ಮೊದಲು ವೇಗ ಇಳಿಸಿ. ಆಮೇಲೆ ನೋಯುವ ಜಾಗವನ್ನು ಮೂರು ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ. ತುಟಿ ಕಿರಿದು ಮಾಡಿ ಉದ್ದಕ್ಕೆ ಉಸಿರು ಬಿಡಿ. ನೋವು ಬಲಗಡೆ ಇದ್ದರೆ ಎಡಗಾಲು ನೆಲಕ್ಕೆ ತಾಗುವಾಗ ಉಸಿರು ಬಿಡಲು ಶುರು ಮಾಡಿ. ನನಗೆ ಇದೇ ಕ್ರಮದಲ್ಲಿ ಮಾಡಿದರೆ ಮಾತ್ರ ಇಳಿಯುತ್ತದೆ.

ಓಟ ನಿಲ್ಲಿಸಿದ ಮೇಲೂ ನೋವು ಉಳಿದರೆ ಅಥವಾ ಎದೆಯಲ್ಲಿ ನೋವು ಬಂದರೆ ಡಾಕ್ಟರಿಗೆ ತೋರಿಸಿ.