ಹಿಮದ ಊರಿಗೆ ಕೋಳಿ: ಮೊದಲು ಜುಟ್ಟು ನೋಡಿ

ಕೆನಡಾ, ಅಮೆರಿಕದ ಮಿನ್ನೆಸೋಟದಂಥ ಕಡೆ ಚಳಿಗಾಲದ ರಾತ್ರಿ ಮೈನಸ್ 25 ಡಿಗ್ರಿಗೂ ಇಳಿಯುತ್ತದೆ. ಅಲ್ಲಿ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರು ಮೊಟ್ಟೆಯ ಲೆಕ್ಕ ಹಾಕುವ ಮೊದಲು ಜುಟ್ಟು ನೋಡಬೇಕು. ಕೋಳಿ ಬೆವರುವುದಿಲ್ಲ. ಜುಟ್ಟು, ಗಲ್ಲದ ಜೋಲುಗಳಿಗೆ ರಕ್ತ ಹರಿಸಿ ಮೈಯ ಬಿಸಿ ಹೊರಹಾಕುತ್ತದೆ. ನಮ್ಮ ಬಿಸಿಲಿಗೆ ಎದ್ದುನಿಂತ ದೊಡ್ಡ ಜುಟ್ಟು ಒಳ್ಳೆಯದೇ. ಹಿಮದಲ್ಲಿ ಅದರ ತುದಿ ಬಿಳಿಚಿ, ಕಪ್ಪಾಗಿ, ಉದುರುತ್ತದೆ. ದೊಡ್ಡ ಜುಟ್ಟಿನ ಲೆಗ್‌ಹಾರ್ನ್ ತಳಿಯ ಹುಂಜಕ್ಕೆ ಈ ಕಾಟ ಹೆಚ್ಚು.

ಚಳಿಗೆಂದೇ ಬೆಳೆಸಿದ ತಳಿ ಶಾಂಟೆಕ್ಲೇರ್. ಕ್ವಿಬೆಕ್‌ನ ಓಕಾ ಮಠದ ಸನ್ಯಾಸಿ ವಿಲ್ಫ್ರಿಡ್ ಶಾಟೆಲೆನ್ 1908ರಲ್ಲಿ ಈ ಕೆಲಸ ಶುರುಮಾಡಿದರು. ಅದರ ಜುಟ್ಟು ತಲೆಗೆ ಅಂಟಿದ ಸಣ್ಣ ಉಬ್ಬಿನಂತಿದೆ, ಜೋಲು ಇಲ್ಲವೆನ್ನುವಷ್ಟು ಚಿಕ್ಕದು. ಮರಿ ಸಿಗುವುದು ಕಷ್ಟ. ಸಿಗದಿದ್ದರೆ ವಯಾಂಡಾಟ್ ತನ್ನಿ: ಜುಟ್ಟು ಚಪ್ಪಟೆ, ಗರಿ ದಟ್ಟ. ಅದರ ಮರಿಗಳಲ್ಲಿ ಆಗೀಗ ನೆಟ್ಟನೆ ಜುಟ್ಟಿನವೂ ಹುಟ್ಟುತ್ತವೆ, ಅಂಥ ಹುಂಜವನ್ನು ಉಳಿಸಿಕೊಳ್ಳಬೇಡಿ. ಓಹಾಯೋದ ಬಕ್‌ಐ ಕೂಡ ಗಟ್ಟಿ. ಬ್ರಹ್ಮಾ ಚಳಿ ತಡೆಯುತ್ತದೆ, ಆದರೆ ಕಾಲಿನ ಗರಿಗೆ ಒದ್ದೆ ಹಿಮ ಮೆತ್ತಿ ಗಡ್ಡೆಕಟ್ಟುತ್ತದೆ. ಆರ್ಪಿಂಗ್‌ಟನ್‌ನ ಗರಿ ದಪ್ಪ, ಜುಟ್ಟು ಮಾತ್ರ ನೆಟ್ಟನೆಯದು, ಹೇಂಟೆಯಾದರೆ ಸಾಕಬಹುದು.

ಸಿಲ್ಕಿ ಬೇಡ. ಅದರ ಗರಿ ಕೂದಲಿನಂತಿದ್ದು ನೀರು ತಡೆಯದು. ಕತ್ತಿನಲ್ಲಿ ಗರಿಯಿಲ್ಲದ ಕೋಳಿ ಬಿಸಿಲಿಗೇ ಸರಿ.

ಮರಿಗಳನ್ನು ಏಪ್ರಿಲ್‌ನಲ್ಲಿ ತಂದರೆ ಚಳಿ ಹಿಡಿಯುವ ಹೊತ್ತಿಗೆ ಗರಿ ತುಂಬಿರುತ್ತದೆ.

ಎಂಥ ತಳಿಯಾದರೂ ಒದ್ದೆ ಗೂಡಿನಲ್ಲಿ ಸೋಲುತ್ತದೆ. ಹಿಕ್ಕೆ, ಉಸಿರಿನ ತೇವ ಹೊರಹೋಗದೆ ಉಳಿದರೆ ಮೈನಸ್ ಐದರಲ್ಲೇ ಜುಟ್ಟು ಹೆಪ್ಪುಗಟ್ಟಬಹುದು. ಬೆಳಗ್ಗೆ ಕಿಟಕಿ ಗಾಜಿನ ಒಳಬದಿಗೆ ಮಂಜು ಕಟ್ಟಿದ್ದರೆ ಗಾಳಿ ಸಾಲದು ಎಂದರ್ಥ. ಕೋಳಿಯ ತಲೆಗಿಂತ ಮೇಲೆ ಕಿಂಡಿ ಇಡಿ, ಕೂತ ಮಟ್ಟದಲ್ಲಿ ಗಾಳಿ ನುಗ್ಗದಿರಲಿ. ಕೂರುವ ಅಡ್ಡಪಟ್ಟಿ ಸುಮಾರು 9 ಸೆಂ.ಮೀ. ಅಗಲದ್ದಾಗಿರಲಿ, ಆಗ ಬೆರಳು ಹೊಟ್ಟೆಯ ಗರಿಯೊಳಗೆ ಮುಚ್ಚಿಕೊಳ್ಳುತ್ತವೆ. ಬಿಸಿ ದೀಪ ಬೇಡ: ಒಣಹುಲ್ಲಿಗೆ ಬೆಂಕಿ ಹತ್ತುತ್ತದೆ, ಕರೆಂಟು ಹೋದ ರಾತ್ರಿ ಚಳಿಗೆ ಒಗ್ಗದ ಕೋಳಿಗಳು ಒಟ್ಟಿಗೆ ಸಾಯುತ್ತವೆ.

ಬಿಳಿಚಿದ ಜುಟ್ಟನ್ನು ಉಜ್ಜಬೇಡಿ, ಚರ್ಮ ಕಿತ್ತುಬರುತ್ತದೆ. ಕಪ್ಪಾದ ತುದಿಯನ್ನು ಕತ್ತರಿಸಲೂ ಬೇಡಿ, ಒಣಗಿ ತಾನೇ ಬೀಳುತ್ತದೆ.