ಪದ್ಮಿನಿಯ ನೆಲದ ತಗಡು ಉಬ್ಬದಂತೆ ಬೆಸೆದದ್ದು
ಕರಾವಳಿಯ ಮಳೆಗೆ ತುಕ್ಕು ಹಿಡಿದಿದ್ದ ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಚಾಲಕನ ಕಾಲಡಿಗೆ ಹೊಸ ತಗಡು ಹಾಕುವಾಗ ಒಂದೇ ಸಮನೆ ವೆಲ್ಡಿಂಗ್ ಎಳೆದ ಕಾರಣ, 1 ಮಿ.ಮೀ. ದಪ್ಪದ ಆ ತಗಡು ಅಲೆಯಲೆಯಾಗಿ ಉಬ್ಬಿ, ಅಂಚಿನಲ್ಲಿ ತೂತುಗಳೂ ಬಿದ್ದವು. ಅದನ್ನು ಪೂರ್ತಿ ಕಿತ್ತುಹಾಕಿದೆ. ಪ್ರತ್ಯೇಕ ಚಾಸಿ (ಭಾರ ಹೊರುವ ಅಡಿಚೌಕಟ್ಟು) ಇಲ್ಲದ ಈ ಕಾರಿನಲ್ಲಿ ನೆಲವೂ ಭಾರ ಹೊರುವುದರಿಂದ, ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಪೈಪು ಬೆಸೆದು, ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಅಂಚನ್ನು ಉಜ್ಜಿದೆ. ಬಳಿಕ 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗಿನಲ್ಲಿ (ಅನಿಲದ ಮರೆಯಲ್ಲಿ ತಂತಿಯನ್ನೇ ಕರಗಿಸಿ ಬೆಸೆಯುವ ವಿದ್ಯುತ್ ವಿಧಾನ), ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿಹಿಡಿದು, ಒಂದು ಚುಕ್ಕೆ ಈ ತುದಿಗೆ, ಮುಂದಿನದು ಆ ತುದಿಗೆ ಎಂಬಂತೆ ಇಡುತ್ತ, ಪ್ರತಿ ಬಾರಿಯೂ ತಗಡು ಅಂಗೈಗೆ ಬಿಸಿ ತಾಗದಷ್ಟು ತಣಿಯಲು ಬಿಟ್ಟೆ. ಇಡೀ ಕೆಲಸದಲ್ಲಿ ಈ ತಾಳ್ಮೆಯೇ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಕೊನೆಗೆ ಸತುವಿನ ಪ್ರೈಮರ್ ಬಳಿದು, ಸಂದುಗಳಿಗೆ ಸೀಲರ್ ತುಂಬಿದೆ.